ಬಾಲ ಕಟ್ಟಿ ತೂಗಿದ ವಿಮಾನ

"ಅಜ್ಜಾರೇ, ಒಬ್ಬ ಮನುಷ್ಯನನ್ನು ಎಷ್ಟು ದಿನ ಪರೀಕ್ಷೆ ಮಾಡಿದ ಮೇಲೆ ನಂಬಬಹುದು?" ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಮಠದ ಅಡುಗೆಮನೆಯ ಉಸ್ತುವಾರಿಯವನು. ಉಗ್ರಾಣದ ಬೀಗದ ಕೈ ಸದಾ ಅವನ ಸೊಂಟದಲ್ಲಿರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಅಲ್ಲೇ ಇರುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ.

ಎಲ್ಲರೂ ಅಜ್ಜಾರೇ ಎಂದು ಕರೆಯುವ ಮಠದ ಗುರುಗಳು ಶೇಂಗಾ ಬಿಡಿಸುತ್ತ ಕುಳಿತಿದ್ದರು. "ಯಾರನ್ನು?" ಎಂದರು.

"ಆ ಚನ್ನವೀರನನ್ನು. ಅಡುಗೆ ಬರುತ್ತೆ ಅಂತ ಬಂದು ಆರು ತಿಂಗಳಾಯ್ತು. ಮೊದಲ ದಿನದಿಂದ ಅವನ ಬೆನ್ನ ಹಿಂದೆಯೇ ನಿಂತು ನೋಡ್ತಾ ಇದ್ದೀನಿ. ಕೈ ನಡುಗುತ್ತೆ. ಒಮ್ಮೆ ಹಾಕಿದ ಉಪ್ಪನ್ನ ಮತ್ತೊಮ್ಮೆ ಹಾಕ್ತಾನೆ. ನಿನ್ನೆ ಒಂದು ಕೊಳಗ ಸಾರು ಚೆಲ್ಲಿದ. ಮದುವೆ ಅಡುಗೆ ಮಾಡ್ತಿದ್ದೆ ಅಂತಾನೆ. ಊರಲ್ಲಿ ನನ್ನವರು ಅಂತ ಯಾರೂ ಇಲ್ಲ ಅಂತಾನೆ. ಎರಡೂ ಸುಳ್ಳಿರಬೇಕು. ನಾಳೆ ಕಳಿಸಿಬಿಡ್ತೀನಿ."

"ಕಳಿಸುವಿಯಂತೆ. ಮೊದಲು ಒಂದು ವಿಮಾನದ ಕತೆ ಕೇಳು."

"ವಿಮಾನವೇ?"

"ದೊಡ್ಡದಲ್ಲ. ಬ್ಯಾಟರಿಯದು. ಮೂರಡಿ ಅಗಲ. ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುವಂಥದ್ದು."

ಕೊಟ್ರಯ್ಯ ಗುರುಗಳನ್ನೇ ಓರೆಗಣ್ಣಿನಿಂದ ನೋಡಿದ. "ಇದು ಯಾವ ಊರಲ್ಲಿ ನಡೆದದ್ದು?"

"ನೀನು ಹೋಗಿ ವಿಚಾರಿಸಲಾಗದಷ್ಟು ದೂರದ ಊರಲ್ಲಿ" ಎಂದು ಗುರುಗಳು ಕತೆ ಆರಂಭಿಸಿದರು.

ಆ ಊರಿನಲ್ಲಿ ಒಬ್ಬ ತೂಕದ ಅಧಿಕಾರಿ ಇದ್ದ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯನ್ನೂ ತೂಕದ ಕಲ್ಲನ್ನೂ ಪರೀಕ್ಷಿಸುವುದು ಅವನ ಕೆಲಸ. ಸರಿಯಿದ್ದರೆ ಮುದ್ರೆ ಒತ್ತುತ್ತಿದ್ದ. ಕಳ್ಳ ತೂಕವಾದರೆ ಅದರ ಮೇಲೆ ಕತ್ತರಿ ಗುರುತು ಕೊರೆಯುತ್ತಿದ್ದ. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಒಂದು ಚಟ ಅಂಟಿಕೊಂಡಿತು. ಎದುರಿಗಿದ್ದವನು ನಕ್ಕರೆ ಸಾಕು, ಇವನು ತಕ್ಕಡಿಯ ತಟ್ಟೆಯ ಅಡಿಗೆ ಏನು ಅಂಟಿಸಿದ್ದಾನೆ ಎಂದು ಯೋಚಿಸುತ್ತಿದ್ದ. ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಮತ್ತೆ ತೂಗುತ್ತಿದ್ದ.

"ನನ್ನನ್ನು ನೋಡೋಕೆ ಬಂದ ದಿನ ತಕ್ಕಡಿ ಮರೆತು ಬಂದಿದ್ರಲ್ಲ, ಅದೇ ನನ್ನ ಪುಣ್ಯ" ಎಂದು ಅವನ ಹೆಂಡತಿ ಒಮ್ಮೆ ಹೇಳಿದಳು. ಈ ಮಾತನ್ನು ಅವಳು ಏಕೆ ಹೇಳಿದಳು ಎಂದು ಅವನು ಎರಡು ದಿನ ಯೋಚಿಸಿದ.

ಅವನಿಗೆ ಇದ್ದ ಹುಚ್ಚು ಒಂದೇ, ಈ ಪುಟ್ಟ ವಿಮಾನ. ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಆ ಊರಿನವರು ಕೆರೆಯಂಗಳದಲ್ಲಿ ಎರಡು ಬಾವುಟ ನೆಟ್ಟು ಪಂದ್ಯ ನಡೆಸುತ್ತಿದ್ದರು. ಬಾವುಟಗಳನ್ನು ನಾಲ್ಕು ಸಲ ಸುತ್ತಿ ಯಾರ ವಿಮಾನ ಮೊದಲು ಬರುತ್ತದೋ ಅವನು ಗೆದ್ದ. ಮೂರು ವರ್ಷ ಸತತವಾಗಿ ಒಬ್ಬ ಬಸ್ಸಿನ ಚಾಲಕ ಗೆದ್ದ. ಮೂರು ವರ್ಷವೂ ಅಧಿಕಾರಿ ಎರಡನೆಯವನಾದ. ಮೂರನೆಯ ವರ್ಷ ಅವನ ತಾಳ್ಮೆ ಕೆಟ್ಟಿತು. "ಬರುವ ವರ್ಷವೂ ಸೋತರೆ ಇದನ್ನು ನನ್ನ ಮೊಮ್ಮಗಳ ತೊಟ್ಟಿಲ ಮೇಲೆ ಕಟ್ಟಿಬಿಡ್ತೀನಿ, ಮತ್ತೆ ರಿಮೋಟ್ ಮುಟ್ಟೋದಿಲ್ಲ" ಎಂದು ಎಲ್ಲರೆದುರು ಆಣೆ ಇಟ್ಟ. ಅವನ ವಾರದಲ್ಲಿ ಸಂತೋಷ ಎಂದು ಇದ್ದದ್ದು ಭಾನುವಾರದ ಆ ಒಂದು ಗಂಟೆ ಮಾತ್ರ.

ವಿಮಾನದ ಮೂತಿಯಲ್ಲಿ ತಿರುಗುವ ಪ್ರೊಪೆಲರ್‌ನಲ್ಲೇ ಗುಟ್ಟಿದೆ ಎಂದು ಅವನು ತೀರ್ಮಾನಿಸಿದ. ಆ ಊರಿನವರೆಲ್ಲರಿಗೂ ಅದನ್ನು ಮರದಲ್ಲಿ ಕೆತ್ತಿಕೊಡುತ್ತಿದ್ದವನು ಒಬ್ಬ ಬಡಗಿ. ಅಧಿಕಾರಿ ಅವನ ಬಳಿಗೆ ಹೋಗಿ, "ವೇಗಕ್ಕೆ ಯಾವುದು ಒಳ್ಳೆಯದು?" ಎಂದು ಕೇಳಿದ.

ಬಡಗಿ ಎರಡನ್ನು ಮುಂದಿಟ್ಟ. ಒಂದು ಹನ್ನೊಂದು ಇಂಚು ಉದ್ದ, ಅದರ ಅಲಗುಗಳು ಹೆಚ್ಚುಕಡಿಮೆ ಚಪ್ಪಟೆ. ಇನ್ನೊಂದು ಒಂಬತ್ತೇ ಇಂಚು, ಅದರ ಅಲಗುಗಳು ಚೆನ್ನಾಗಿ ತಿರುಚಿಕೊಂಡಿದ್ದವು.

"ಉದ್ದದ್ದು ಬೇಗ ಮೇಲೇಳುತ್ತೆ. ವೇಗ ಬೇಕಾದರೆ ಈ ಗಿಡ್ಡದ್ದೇ ಆಗಬೇಕು ಸಾರ್. ಸ್ಕ್ರೂ ನೋಡಿಲ್ವಾ? ತಿರುಪು ಕಡಿದಾಗಿದ್ದರೆ ಒಂದೊಂದು ಸುತ್ತಿನಲ್ಲೂ ಹೆಚ್ಚು ಮುಂದೆ ಹೋಗುತ್ತೆ. ಮೊದಲಿಗೆ ಸ್ವಲ್ಪ ತಿಣುಕುತ್ತೆ, ಅಷ್ಟೇ. ನನ್ನ ಮೈದುನನೂ ಇದೇ ಅಳತೆಯದನ್ನೇ ಹಾಕೋದು."

ಬಡಗಿ ನಕ್ಕ. ಅಧಿಕಾರಿಯ ಎದೆಯಲ್ಲಿ ತಟ್ಟೆ ವಾಲಿತು. ಬಡಗಿಯ ಮೈದುನ ಎಂದರೆ ಬೇರೆ ಯಾರೂ ಅಲ್ಲ, ಆ ಬಸ್ಸಿನ ಚಾಲಕನೇ. ಹೆಂಡತಿಯ ತಮ್ಮನನ್ನು ಸೋಲಿಸುವ ವಸ್ತುವನ್ನು ಯಾರಾದರೂ ನಗುತ್ತ ಕೈಗಿಡುತ್ತಾರೆಯೇ?

ಎರಡನ್ನೂ ಮನೆಗೆ ತಂದ. ಹಿತ್ತಲಿನಲ್ಲಿ ಒಂದು ಗೂಟ ಹೊಡೆದ. ಗೂಟಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದರ ಕೊಕ್ಕೆಗೆ ವಿಮಾನದ ಬಾಲವನ್ನು ಕಟ್ಟಿದ. ಮೊದಲು ಉದ್ದದ್ದನ್ನು ಹಾಕಿ ಮೋಟಾರು ಬಿಟ್ಟ. ವಿಮಾನ ಹಗ್ಗ ಕಿತ್ತುಕೊಳ್ಳುವಂತೆ ಜಗ್ಗಿತು. ಮುಳ್ಳು ಒಂದೂಮುಕ್ಕಾಲು ಕಿಲೋ ತೋರಿಸಿತು. ಆಮೇಲೆ ಗಿಡ್ಡದ್ದನ್ನು ಹಾಕಿದ. ಅದು ಗೊರ ಗೊರ ಸದ್ದು ಮಾಡಿತು, ಗಾಳಿಯನ್ನು ಹರಿದು ಚೆಲ್ಲಾಡಿತು, ಆದರೆ ಜಗ್ಗಲಿಲ್ಲ. ಮುಳ್ಳು ಒಂದು ಕಿಲೋದ ಹತ್ತಿರವೇ ನಿಂತಿತು. ಮೂರು ಸಲ ತೂಗಿದ. ಮೂರು ಸಲವೂ ಅಷ್ಟೇ.

ಅಧಿಕಾರಿಗೆ ಸಿಟ್ಟು ಬರಲಿಲ್ಲ. ಸಮಾಧಾನವಾಯಿತು. ತಾನು ಅನುಮಾನಿಸಿದ್ದು ನಿಜವಾದಾಗ ಅವನಿಗೆ ಯಾವಾಗಲೂ ಹಾಗೆಯೇ ಆಗುತ್ತಿತ್ತು. ಒಂದು ಮೊಳೆ ತೆಗೆದುಕೊಂಡು ಗಿಡ್ಡ ಪ್ರೊಪೆಲರ್‌ನ ನಡುವೆ ಕತ್ತರಿ ಗುರುತು ಕೊರೆದ. ಬಡಗಿಯ ಅಂಗಡಿಗೆ ಹೋಗಿ, ನಾಲ್ಕು ಜನರ ಎದುರಿಗೆ ಅದನ್ನು ಹಲಗೆಯ ಮೇಲೆ ಎಸೆದ.

"ಒಂದು ಕಿಲೋ ಜಗ್ಗದ ಮಾಲನ್ನು ವೇಗದ್ದು ಅಂತ ಕೊಡ್ತೀಯಲ್ಲ! ನಿನ್ನ ಮೈದುನ ಗೆಲ್ಲಲಿ ಅಂತಲಾ?"

ಬಡಗಿಯ ಮುಖ ಕಪ್ಪಿಟ್ಟಿತು. ಅವನು ಪ್ರೊಪೆಲರನ್ನು ಎತ್ತಿಕೊಂಡು ಗುರುತನ್ನು ಹೆಬ್ಬೆರಳಿನಿಂದ ಸವರಿದ. "ಕಟ್ಟಿ ತೂಗಿದ್ದೀರಿ ಸಾರ್. ಬಿಟ್ಟು ನೋಡಿ" ಎಂದ.

ಬಿಟ್ಟು ನೋಡಬೇಕಂತೆ! ಅಧಿಕಾರಿ ದಾರಿಯುದ್ದಕ್ಕೂ ಇದನ್ನೇ ಮೆಲುಕು ಹಾಕಿದ. ಜಗ್ಗದ ಪ್ರೊಪೆಲರ್ ಹಾಕಿ ಬಿಟ್ಟರೆ ವಿಮಾನ ಮೇಲೇಳದೆ ಮುಗ್ಗರಿಸುತ್ತದೆ. ಪಂದ್ಯಕ್ಕೆ ಮೊದಲೇ ಮೂತಿ ಮುರಿಯುತ್ತದೆ. ಬಡಗಿಗೆ ಬೇಕಾಗಿರುವುದೂ ಅದೇ. ಎಂಥ ಪಾಕಡ!

ಪಂದ್ಯದ ದಿನ ಬಂತು. ಅಧಿಕಾರಿ ಉದ್ದದ್ದನ್ನೇ ಹಾಕಿದ್ದ. ಪಂದ್ಯ ಶುರುಮಾಡಲು ಎತ್ತಿ ಹಿಡಿದಿದ್ದ ಬಿಳಿ ಕರವಸ್ತ್ರ ಕೆಳಗಿಳಿದ ಕೂಡಲೆ ಅವನ ವಿಮಾನ ಹತ್ತು ಹೆಜ್ಜೆಯೊಳಗೆ ನೆಲ ಬಿಟ್ಟಿತು. ಜನ ಚಪ್ಪಾಳೆ ಹೊಡೆದರು. ಚಾಲಕನ ವಿಮಾನ ಇನ್ನೂ ನೆಲದ ಮೇಲೆ ತಿಣುಕುತ್ತ, ಕುಪ್ಪಳಿಸುತ್ತ ಓಡುತ್ತಿತ್ತು. ಅಧಿಕಾರಿ ಓರೆಗಣ್ಣಿನಿಂದ ಬಡಗಿಯನ್ನು ನೋಡಿದ. ಬಡಗಿ ಇವನನ್ನು ನೋಡುತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಅಧಿಕಾರಿಯೇ ಮುಂದು. ಎರಡನೆಯ ಸುತ್ತಿನಲ್ಲಿ ಅವನು ರಿಮೋಟ್‌ನ ಕಡ್ಡಿಯನ್ನು ಕೊನೆಯವರೆಗೂ ಒತ್ತಿದ. ಮೋಟಾರಿನ ಕೂಗು ಏರಿತು. ವೇಗ ಏರಲಿಲ್ಲ. ಹಿಂದಿನಿಂದ ಇನ್ನೊಂದು ಸದ್ದು ಬಂತು. ಅದರಲ್ಲಿ ಈಗ ಗೊರಗೊರ ಇರಲಿಲ್ಲ, ಹೊಸ ಸೀರೆ ಹರಿದಂಥ ಒಂದೇ ನುಣುಪು ಸದ್ದು. ಮೂರನೆಯ ಸುತ್ತಿನಲ್ಲಿ ಚಾಲಕನ ವಿಮಾನ ಅವನದನ್ನು ದಾಟಿತು. ನಾಲ್ಕನೆಯದರಲ್ಲಿ ಇಬ್ಬರ ನಡುವೆ ಅರ್ಧ ಕೆರೆಯಂಗಳವಿತ್ತು.

"ಮೋಸ!" ಎಂದು ಅಧಿಕಾರಿ ಕಿರುಚಿದ. "ಆ ವಿಮಾನ ಪರೀಕ್ಷೆ ಮಾಡಬೇಕು. ಈಗಲೇ. ನಾನೇ ಮಾಡಬೇಕು!"

ಯಾರೂ ಬೇಡವೆನ್ನಲಿಲ್ಲ. ಅವನು ಓಡಿಹೋಗಿ ಮಂಡಿಯೂರಿ ಕುಳಿತ. ಬ್ಯಾಟರಿ ನೋಡಿದ, ತನ್ನದರಷ್ಟೇ ಇತ್ತು. ಮೋಟಾರು ನೋಡಿದ, ತನ್ನದೇ ನಮೂನೆಯದು. ಕೊನೆಗೆ ಮೂತಿಯ ತಿರುಪನ್ನು ಬಿಚ್ಚಿ ಪ್ರೊಪೆಲರನ್ನು ಕೈಗೆ ತೆಗೆದುಕೊಂಡ. ಅದರ ನಡುವೆ ಒಂದು ಕತ್ತರಿ ಗುರುತಿತ್ತು. ಅವನ ಮೊಳೆಯೇ ಕೊರೆದ ಗುರುತು.

"ನನ್ನದು ನಿನ್ನೆ ಇಳಿಸುವಾಗ ನೆಲಕ್ಕೆ ಬಡಿದು ಮುರಿಯಿತು ಸಾರ್" ಎಂದ ಚಾಲಕ. "ಹೊಸದು ಕೆತ್ತೋಕೆ ಭಾವನಿಗೆ ಹೊತ್ತಿರಲಿಲ್ಲ. ಯಾರೋ ಬೇಡ ಅಂತ ಎಸೆದು ಹೋದದ್ದಿದೆ, ತಗೋ ಅಂದ್ರು."

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು.

"ಆಮೇಲೆ?" ಎಂದ ಕೊಟ್ರಯ್ಯ.

"ಆಮೇಲೇನು? ಆಣೆ ಆಣೆಯೇ. ವಿಮಾನ ತೊಟ್ಟಿಲ ಮೇಲೆ ತೂಗುತ್ತಿದೆ. ಬಾಲಕ್ಕೇ ದಾರ ಕಟ್ಟಿದ್ದಾನೆ ಅಂತ ಕೇಳಿದೆ. ನಾನು ಕಣ್ಣಾರೆ ಕಂಡಿಲ್ಲ."

ಕೊಟ್ರಯ್ಯ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಜ್ಜಾರೇ, ಇದು ನಡೆದದ್ದೋ, ನೀವು ಕಟ್ಟಿದ್ದೋ? ಆ ಚಾಲಕನ ಪ್ರೊಪೆಲರ್ ಸರಿಯಾಗಿ ಹಿಂದಿನ ದಿನವೇ ಹೇಗೆ ಮುರಿಯಿತು? ನನಗೆ ಅಲ್ಲೇ ಏನೋ ಅನುಮಾನ."

ಗುರುಗಳು ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತರು. ಹೊರಟವರು ಬಾಗಿಲಲ್ಲಿ ತಿರುಗಿ ನೋಡಿದರು.

"ಅದಿರಲಿ ಕೊಟ್ರಯ್ಯ, ನಾಳೆ ಚನ್ನವೀರ ಒಲೆ ಹಚ್ಚುವಾಗ ನೀನು ಎಲ್ಲಿ ನಿಂತಿರ್ತೀ?"

ಕೊಟ್ರಯ್ಯನ ಕೈ ಸೊಂಟದ ಬೀಗದ ಕೈಯ ಮೇಲೆ ಹೋಯಿತು.