ಹಳೇ ಜೀಪೂ ಎರಡು ಸಿಲಿಂಡರ್‌ಗಳೂ

ಸಂಡೂರಿನ ಗುಡ್ಡದ ದಾರಿಗಳಲ್ಲಿ ಓಡಾಡಿ ಮುದಿಯಾದ ಜೀಪೊಂದಿತ್ತು. ಅದರ ಬ್ರೇಕಿಗೆ ಬಲ ಕೊಡುವ ಮಾಸ್ಟರ್ ಸಿಲಿಂಡರ್ ಸೋರಿ ಕೆಟ್ಟುಹೋಯಿತು. ಮರುದಿನವೇ ಮದುಮಗಳನ್ನು ಗುಡ್ಡ ಇಳಿಸಿ ಮದುವೆಮನೆ ಮುಟ್ಟಿಸಬೇಕಿತ್ತು. ಹೇಗಪ್ಪಾ ಇಳಿಯುವುದು ಎಂದು ಜೀಪು ಚಿಂತೆಗೆ ಬಿತ್ತು.

ಮೆಕ್ಯಾನಿಕ್ ಹುಲಿಗೆಪ್ಪ ಎರಡು ಹೊಸ ಸಿಲಿಂಡರ್ ತಂದು ಜೀಪಿನ ಮುಂದಿಟ್ಟ.

ದೊಡ್ಡದು ಥಳಥಳ ಹೊಳೆಯುತ್ತ, "ಮುದುಕಾ, ನಾನು ಭಾರೀ ಗಾಡಿಗಳಿಗೆಂದೇ ಹುಟ್ಟಿದವನು. ನನ್ನನ್ನು ಕೂಡಿಸಿಕೋ, ನಿನ್ನ ಗತ್ತೇ ಬೇರೆಯಾಗುತ್ತದೆ!" ಎಂದಿತು. ಜೀಪು ಮರುಳಾಗಿ ಇನ್ನೇನು ಒಪ್ಪುವುದರಲ್ಲಿತ್ತು.

ಅಷ್ಟರಲ್ಲಿ ಚಿಕ್ಕದು ಕೇಳಿತು: "ಅಜ್ಜಾ, ನಿಮ್ಮ ಹಳೇ ಸಿಲಿಂಡರಿನ ಒಳ ಅಗಲ ಎಷ್ಟಿತ್ತು? ಬೋಲ್ಟಿನ ತೂತುಗಳು ಎಲ್ಲಿವೆ? ಎಣ್ಣೆಯ ಕೊಳವೆ ಯಾವ ಕಡೆಯಿಂದ ಬರುತ್ತದೆ?"

"ಅಷ್ಟೆಲ್ಲ ಯಾಕಪ್ಪಾ?"

"ನಿಮ್ಮ ಜೊತೆ ಬಾಳಬೇಕಾದವನು ನಾನು. ನಿಮ್ಮ ಅಳತೆ ತಿಳಿಯದೆ ಹೇಗೆ ಬಾಳಲಿ?"

ಜೀಪು ದೊಡ್ಡದರತ್ತ ತಿರುಗಿತು. "ನೀನು ನನ್ನನ್ನು ಏನೂ ಕೇಳಲಿಲ್ಲವಲ್ಲ?"

"ಕೇಳುವುದೇನು? ನೀನೇ ನನಗೆ ಹೊಂದಿಕೊಂಡರಾಯಿತು."

"ಬೇಡಪ್ಪಾ, ಮೂಗಿಗಿಂತ ಮೂಗುತಿ ಭಾರವಾದೀತು" ಎಂದಿತು ಜೀಪು.

ಹುಲಿಗೆಪ್ಪ ಹಳೆಯದರ ಪಕ್ಕದಲ್ಲಿಟ್ಟು ನೋಡಿ ಚಿಕ್ಕದನ್ನೇ ಕೂಡಿಸಿದ. ಅದು ಅಳತೆಗೆ ಸರಿಯಾಗಿ ಕೂತಿತು.

ಮರುದಿನ ಗುಡ್ಡ ಇಳಿಯುವಾಗ ತಿರುವಿನಲ್ಲಿ ಕುರಿಹಿಂಡು ದಾರಿಗೆ ನುಗ್ಗಿತು. ಡ್ರೈವರ್ ಬ್ರೇಕ್ ಒತ್ತಿದ. ಜೀಪು ಮುಂದಿನ ಕುರಿಗೆ ಗೇಣು ದೂರದಲ್ಲಿ ಮೆತ್ತಗೆ ನಿಂತಿತು. ಒಳಗಿದ್ದ ಹೆಂಗಸರು ನಿಟ್ಟುಸಿರು ಬಿಟ್ಟು, ನಗಾಡಿ, ಅರ್ಧಕ್ಕೆ ನಿಂತಿದ್ದ ಸೋಬಾನೆ ಹಾಡು ಮುಂದುವರಿಸಿದರು.

"ಹೇಗಿದೆ ಅಜ್ಜಾ?" ಸಿಲಿಂಡರ್ ಕೇಳಿತು.

"ನೀನು ಹೊಸಬನೆಂಬುದೇ ಮರೆತುಹೋಗಿತ್ತು ಮಗಾ!" ಎಂದು ಜೀಪು ಹಿಗ್ಗಿ ಮುಂದೆ ಹೊರಟಿತು.