ಸೊಸೆ ಎಂಬ ಕಬ್ಬಿಣದ ನೀರು

“ಗುರುಗಳೇ, ಕಬ್ಬಿಣದ ಸಂಯುಕ್ತಗಳಿಗೆಲ್ಲ ಶಾಸ್ತ್ರೀಯ ಹೆಸರುಗಳು ಸಿದ್ಧವಾದವು. ಅನ್ನಭೇದಿ, ಕಿಟ್ಟ ಮುಂತಾದ ಹಳೆಯ ಹೆಸರುಗಳನ್ನು ಇನ್ನು ಹೊಡೆದುಹಾಕಲೇ?” ಎಂದು ಶಿಷ್ಯ ಸಂಗನಬಸವ ಕೇಳಿದ. ಪದಕೋಶದ ಕರಡು ಅವನ ತೊಡೆಯ ಮೇಲಿತ್ತು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಬಣ್ಣಗಾರನಿದ್ದ. ಸೀರೆಗೆ ಕಪ್ಪು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಕಪ್ಪಿನ ಗುಟ್ಟು ಮಾತ್ರ ಹೆಂಡತಿಯ ಕೈಯಲ್ಲಿತ್ತು. ಅವಳು ಮಡಕೆಯಲ್ಲಿ ಬೆಲ್ಲದ ನೀರು ತುಂಬಿ, ತುಕ್ಕು ಹಿಡಿದ ಮೊಳೆ, ಲಾಳದ ಚೂರು ಹಾಕಿ ವಾರಗಟ್ಟಲೆ ಹುಳಿಯಲು ಬಿಡುತ್ತಿದ್ದಳು. ಆ ನೀರನ್ನು ‘ಸೊಸೆ’ ಎನ್ನುತ್ತಿದ್ದಳು. ಹೊಸ ಸೊಸೆಯನ್ನು ಬಂದ ದಿನವೇ ಕೆಲಸಕ್ಕೆ ಹಚ್ಚಬಾರದು ಎಂಬುದು ಅವಳ ವಾದ. ದಿನಾ ಬೆಳಿಗ್ಗೆ ಮುಚ್ಚಿದ ಬಟ್ಟೆ ಸರಿಸಿ, ಮೂಸಿ, ಕ್ಷೇಮ ವಿಚಾರಿಸುವಳು. ಚಳಿ ಬಿದ್ದರೆ ಒಲೆಯ ಪಕ್ಕಕ್ಕೆ ಕರೆತರುವಳು. ಗಂಡ ಗೇಲಿ ಮಾಡುತ್ತಿದ್ದ. ಎಂಥ ಚೆಂದದ ದಿನಗಳವು!

ಮಗ ಪಟ್ಟಣದಲ್ಲಿ ಓದಿ ಬಂದ. ಅವ್ವ ತೀರಿಕೊಂಡ ಮೇಲೆ ಮಡಕೆಯ ಕೆಲಸ ಅವನ ಪಾಲಿಗೆ ಬಂತು. ತಂಗಿಗೆ ಮದುವೆಯಾಗಿ ಅದು ಮೊದಲ ಸಂಕ್ರಾಂತಿ. ಆ ಸೀಮೆಯ ವಾಡಿಕೆಯಂತೆ ಆ ಹಬ್ಬಕ್ಕೆ ತವರಿನಿಂದ ಕರಿ ಸೀರೆ ಹೋಗಲೇಬೇಕು. ಮಗ ಬೆಲ್ಲ, ಕಬ್ಬಿಣ ತೂಗಿ ಹಾಕಿದ. ಅಂದೇ ಮಡಕೆಗೆ ‘ಕಬ್ಬಿಣದ ಅಸಿಟೇಟ್’ ಎಂದು ಚೀಟಿ ಅಂಟಿಸಿದ. ಹೆಸರು ಸರಿಯಾದದ್ದೇ. ಅಪ್ಪನಿಗೂ ಹೆಮ್ಮೆಯಾಯಿತು. ಆದರೆ ಒಳಗಿದ್ದದ್ದು ಇನ್ನೂ ಆ ಹೆಸರಿನ ವಸ್ತುವಾಗಿರಲಿಲ್ಲ. ಚೀಟಿ ಇದ್ದ ಮೇಲೆ ಬಟ್ಟೆ ಸರಿಸಿ ನೋಡುವ ಗೊಡವೆಗೆ ಯಾರೂ ಹೋಗಲಿಲ್ಲ. ಚಳಿಯಲ್ಲಿ ಮಡಕೆ ಇಟ್ಟಲ್ಲೇ ಇತ್ತು. ಹಬ್ಬಕ್ಕೆ ಎರಡು ದಿನವಿರುವಾಗ ಅಳಲೆಕಾಯಿ ಕಷಾಯದಲ್ಲಿ ನೆನೆಸಿದ ಸೀರೆಯನ್ನು ಅದರಲ್ಲಿ ಅದ್ದಿದರು. ಸೀರೆ ಬೂದಿ ಬಣ್ಣಕ್ಕೆ ತಿರುಗಿ ಅಲ್ಲಿಗೇ ನಿಂತಿತು.

ಮಗನ ಮುಖ ಸಣ್ಣದಾಯಿತು. “ಅಪ್ಪಾ, ಅವ್ವ ದಿನಾ ಮುಂಜಾನೆ ಏನ್ ನೋಡತಿದ್ದಳು?”

“ನಾ ಎಂದೂ ಕೇಳಲೇ ಇಲ್ಲೋ ತಮ್ಮಾ. ಸೊಸಿ ಸೊಸಿ ಅಂತಿದ್ದಳು, ನಾ ನಗತಿದ್ದೆ.”

ಮಗಳು ಆ ಬೂದಿ ಸೀರೆಯನ್ನೇ ಉಟ್ಟು ಹಬ್ಬ ಮಾಡಿದಳು. ಅಪ್ಪ ಒಬ್ಬನೇ ಇದ್ದಾಗ ಮಡಕೆಗೆ ಮುಖವಿಟ್ಟು ಮೂಸಿ ನೋಡಿದ. ಹುಳಿ ವಾಸನೆ ಬಂತು. ಅದು ಸಾಕೋ ಸಾಲದೋ ಅವನಿಗೆ ತಿಳಿಯಲಿಲ್ಲ. ಹೆಂಡತಿಯ ನೆನಪಾಗಿ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ಹಳೆಯ ಹೆಸರುಗಳು ಇರಲೇ ಎಂದು ಸಂಗನಬಸವ ಮೆಲ್ಲಗೆ ಕೇಳಿದ.

“ಹೊಡೆದುಹಾಕಪ್ಪಾ, ಆದರೆ ಹಾಗೆ ಕರೆಯುತ್ತಿದ್ದವರು ಯಾರಾದರೂ ಉಳಿದಿದ್ದರೆ, ಹಾಗೇಕೆ ಕರೆಯುತ್ತಿದ್ದರೆಂದು ಮೊದಲು ಹೋಗಿ ಕೇಳಿಕೊಂಡು ಬಾ.”