ಗಾಣಕ್ಕೆ ಬಂದ ಲೈಕುಗಳು

ಎಂಟು ದಿನದಿಂದ ಕಾಳು ಕಾಣದೆ ಎಣ್ಣೆಗಾಣ ಚಡಪಡಿಸುತ್ತಿತ್ತು. ಹೀಗೇ ಆದರೆ ಸೋಮವಾರ ಗುಜರಿಗೆ ಹಾಕುತ್ತೇನೆಂದು ಯಜಮಾನ ಹೇಳಿಯಾಗಿತ್ತು. ಗೋಡೆಗೂಡಿನಲ್ಲಿದ್ದ ಅವನ ಫೋನು ಮಾತ್ರ ಬೀಗುತ್ತಿತ್ತು.

“ಅಜ್ಜ, ನಿನ್ನ ಫೋಟೊ ಐದು ಸಾವಿರ ಜನ ನೋಡಿದರು. ದುಬೈಯಿಂದಲೂ ಲೈಕು ಬಂದಿದೆ.”

“ದುಬೈಯವರು ಶೇಂಗಾ ಹೊತ್ತು ತರುತ್ತಾರೇನು?”

ಫೋನು ಮತ್ತೆ ಲೈಕು ಎಣಿಸತೊಡಗಿದರೂ ಗಾಣ ಬಿಡಲಿಲ್ಲ.

“ಹಿಂದಿನ ಓಣಿಯ ನೀಲವ್ವ ಎಣ್ಣೆ ತೆಗೆಸಲು ಬಸ್ಸು ಹತ್ತಿ ಪೇಟೆಗೆ ಹೋಗುತ್ತಾಳೆ. ಅವಳಿಗೆ ತಿಳಿಸಿದೆಯಾ?”

“ಒಬ್ಬಳಿಗೋಸ್ಕರ ಏನು ತಿಳಿಸುವುದು?”

“ನಿಮ್ಮ ಶೇಂಗಾ ನಿಮ್ಮ ಕಣ್ಣೆದುರೇ ಅರೆದು ಕೊಡುತ್ತೇವೆ ಅಂತ ತಿಳಿಸು.”

ಫೋನು ಗೊಣಗುತ್ತಲೇ ಸಂದೇಶ ಕಳಿಸಿತು. ಭಾನುವಾರ ನೀಲವ್ವ ಶೇಂಗಾ ಚೀಲ, ಎಣ್ಣೆ ಡಬ್ಬಿ ಹಿಡಿದು ಬಂದಳು.

“ಬಂದವಳು ಇವಳೊಬ್ಬಳೇನಾ, ಅಜ್ಜ?” ಎಂದು ಫೋನು ಹಂಗಿಸಿತು.

ಗಾಣಕ್ಕೆ ಕೇಳಿಸಲಿಲ್ಲ. ಅದು ತಿರುಗುತ್ತಿತ್ತು.